ಒತ್ತಿಗೆ ಜಾಗ

ನನ್ನ ಊರು ತಿಪಟೂರು. ತೆಂಗಿನ ತೋಟಗಳ ನಡುವೆ ಇರುವ ಈ ಊರನ್ನು ಹೊರಗಿನವರು ಕೊಬ್ಬರಿಯಿಂದ ಬಲ್ಲರು. ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಟ್ಟರೆ ಒಳಗಿನ ನೀರೆಲ್ಲ ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆ ಕೊಬ್ಬರಿಯನ್ನು ಕೊಳ್ಳುವ, ಮಾರುವ ಮಂಡಿಗಳು ನಮ್ಮಲ್ಲಿ ಸಾಲುಸಾಲಾಗಿ ಇವೆ. ನಾನು ಅಕ್ಷರ ಕಲಿತದ್ದು ಶಾಲೆಯಲ್ಲಿ ಎಂದು ಹೇಳುವುದು ವಾಡಿಕೆಯ ಮಾತಾದೀತು. ನಿಜವಾಗಿ ಕಲಿತದ್ದು ಆ ಮಂಡಿಗಳ ಬೋರ್ಡುಗಳನ್ನು ನೋಡಿ. ಅವುಗಳಲ್ಲಿ ಬಹುಪಾಲು ನನ್ನ ತಂದೆ ಬರೆದವಾಗಿದ್ದವು.

ಅಪ್ಪ ಓದಿದ್ದು ಎಸ್.ಎಸ್.ಎಲ್.ಸಿ.ಯವರೆಗೆ. ಹುಡುಗರಾಗಿದ್ದಾಗ ‘ಚಂದಮಾಮ’ದಲ್ಲಿ ಶಂಕರ್ ಅವರು ಬರೆಯುತ್ತಿದ್ದ ವಿಕ್ರಮ ಬೇತಾಳರ ಚಿತ್ರವನ್ನು ತಿಂಗಳು ತಿಂಗಳೂ ನಕಲು ಮಾಡಿ ಕೈ ಪಳಗಿಸಿಕೊಂಡರಂತೆ. ಅನಂತರ ಊರಿನ ಹಿರಿಯ ಪೇಂಟರೊಬ್ಬರ ಬಳಿ ಸೇರಿ ಮೂರು ವರ್ಷ ಕುಂಚ ತೊಳೆದರು. ನಾಲ್ಕನೆಯ ವರ್ಷ ಬರೆದರು. ಬೋರ್ಡಿನ ಕೆಲಸ ಸುಲಭದ್ದಲ್ಲ. ಮರದ ಚೌಕಟ್ಟಿಗೆ ತಗಡು ಹೊಡೆದು, ಅದಕ್ಕೆ ಮೊದಲು ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡ್ ಬಳಿಯಬೇಕು. ಅದು ಒಣಗಿದ ಮೇಲೆ ಎನಾಮೆಲ್ ಬಣ್ಣ, ಅದೂ ಎರಡು ಸಲ. ಬಳಿಕ ಸುಣ್ಣದ ಪುಡಿ ಸವರಿದ ದಾರವನ್ನು ಒಂದು ತುದಿಯಲ್ಲಿ ನಾನೂ ಇನ್ನೊಂದು ತುದಿಯಲ್ಲಿ ಅಪ್ಪನೂ ಬಿಗಿಯಾಗಿ ಹಿಡಿಯುತ್ತಿದ್ದೆವು. ಅವರು ದಾರವನ್ನು ಎಳೆದು ಬಿಟ್ಟರೆ ‘ಟಪ್’ ಎಂಬ ಸದ್ದಿನೊಡನೆ ತಗಡಿನ ಮೇಲೆ ನೂಲಿನಷ್ಟು ತೆಳುವಾದ ಬಿಳಿಯ ಗೆರೆ ಮೂಡುತ್ತಿದ್ದಿತು. ಆ ಸದ್ದನ್ನು ಕೇಳುವುದಕ್ಕಾಗಿಯೇ ನಾನು ಶಾಲೆಯಿಂದ ಓಡಿ ಬರುತ್ತಿದ್ದೆ.

ಕನ್ನಡದ ಅಕ್ಷರ ಎರಡು ಗೆರೆಗಳ ನಡುವೆ ಸುಮ್ಮನೆ ಕೂರುವ ಅಕ್ಷರವಲ್ಲ. ಮೇಲೆ ತಲೆಕಟ್ಟು, ಗುಡಿಸು; ಪಕ್ಕದಲ್ಲಿ ಕೊಂಬು; ಕೆಳಗೆ ಒತ್ತು. ‘ಶಾಸ್ತ್ರಿ’ ಎಂದು ಬರೆಯಬೇಕಾದರೆ ಸಕಾರದ ಕೆಳಗೆ ತಕಾರ ನಿಂತು, ಅದರ ಮಗ್ಗುಲಿಗೆ ರಕಾರವೂ ಬರಬೇಕು. ತಗಡಿನ ಅಳತೆಯಾದರೋ ಮೊದಲೇ ಗೊತ್ತಾದದ್ದು. ಬರೆಯುತ್ತ ಬರೆಯುತ್ತ ಅದು ಬೆಳೆಯುವುದಿಲ್ಲ. ಆದುದರಿಂದ ಅಪ್ಪ ಸೀಮೆಸುಣ್ಣ ಹಿಡಿಯುವ ಮೊದಲು ತಗಡಿನ ಕೆಳಗಿನ ಅಂಚಿನಿಂದ ನಾಲ್ಕು ಬೆರಳು ಅಳೆದು ಗುರುತು ಮಾಡುತ್ತಿದ್ದರು. “ಮೊದಲು ಒತ್ತಿಗೆ ಜಾಗ ಬಿಡು ಪುಟ್ಟಿ, ಆಮೇಲೆ ಅಕ್ಷರ ಬರಿ” ಎಂಬುದು ಅವರು ನನಗೆ ಕಲಿಸಿದ ಮೊದಲ ಪಾಠ. ಕಲಿಯುವ ಕಾಲದಲ್ಲಿ ಅವರೇ ಒಮ್ಮೆ ಜಾಗ ಬಿಡದೆ ‘ಕೊಬ್ಬರಿ ಮಂಡಿ’ ಎಂದು ಬರೆದು, ಬಕಾರದ ಒತ್ತು ಅಂಚಿನಲ್ಲಿ ಇರುವೆಯಂತೆ ಸಿಕ್ಕಿಕೊಂಡಿದ್ದಿತಂತೆ. ಮಂಡಿಯ ಯಜಮಾನರು ಬೋರ್ಡು ತಿರುಗಿಸಿ ಕಳಿಸಿದರು. ನಾಲ್ಕು ದಿನಗಳ ಕೂಲಿ ಹೋಯಿತು.

ನನಗೆ ಎಂಟು ವರ್ಷವಾಗಿದ್ದಾಗ, ಎಂದರೆ 2008ರಲ್ಲಿ, ನಮ್ಮ ಬೀದಿಯ ಕೊನೆಯಲ್ಲಿ ಫ್ಲೆಕ್ಸ್ ಅಂಗಡಿಯೊಂದು ತೆರೆಯಿತು. ಅಪ್ಪನಿಗೆ ನಾಲ್ಕು ದಿನ ಹಿಡಿಯುತ್ತಿದ್ದ ಬೋರ್ಡು ಅಲ್ಲಿ ಒಂದು ಗಂಟೆಯಲ್ಲಿ ಸುರುಳಿ ಸುತ್ತಿಕೊಂಡು ಹೊರಬರುತ್ತಿದ್ದಿತು, ಬೆಲೆಯೂ ಕಡಿಮೆ. ಅಂಗಡಿಯ ಯಜಮಾನರ ಭಾವಚಿತ್ರ ಬೇರೆ ಅದರಲ್ಲಿ ನಗುತ್ತಿದ್ದಿತು. ನಿಜ ಹೇಳಬೇಕೆಂದರೆ ನನಗೂ ಅದು ಬಹಳ ಚೆಂದವಾಗಿ ಕಂಡಿತು. ಶಾಲೆಯಿಂದ ಬರುವಾಗ ಆ ಅಂಗಡಿಯ ಬಾಗಿಲಲ್ಲಿ ನಿಂತು ಯಂತ್ರದ ಬಾಯಿಯಿಂದ ಬಣ್ಣ ಹರಿದು ಬರುವುದನ್ನು ನೋಡುತ್ತಿದ್ದೆ. ಮನೆಗೆ ಬಂದು ಅಪ್ಪನಿಗೆ ಅದನ್ನೆಲ್ಲ ವರ್ಣಿಸುತ್ತಿದ್ದೆ! ಅವರು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಎರಡು ವರ್ಷಗಳೊಳಗೆ ಬೋರ್ಡು ಬರೆಸುವವರು ಇಲ್ಲವಾದರು. ಅಪ್ಪ ಒಂದು ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕೆ ಸೇರಿದರು. ಚೀಲಗಳ ಮೇಲೆ ತೂಕವನ್ನೂ ಗುರುತನ್ನೂ ಬರೆಯುವ ಕೆಲಸ. ಅಕ್ಷರ ಬರೆಯುತ್ತಿದ್ದ ಕೈ ಅಂಕೆ ಬರೆಯತೊಡಗಿತು. 2016ರಲ್ಲಿ ರಾಜ್ಯ ಸರ್ಕಾರವು ಪ್ಲಾಸ್ಟಿಕ್ ಫ್ಲೆಕ್ಸುಗಳನ್ನು ನಿಷೇಧಿಸಿದಾಗ ಅಮ್ಮ ಆ ಸುದ್ದಿಯನ್ನು ಪತ್ರಿಕೆಯಿಂದ ಗಟ್ಟಿಯಾಗಿ ಓದಿದರು. ಅಪ್ಪ ನಕ್ಕು ಊಟ ಮುಂದುವರಿಸಿದರು. ನಮ್ಮ ಬೀದಿಯಲ್ಲಿ ಅನಂತರವೂ ಫ್ಲೆಕ್ಸು ತೂಗುತ್ತಲೇ ಇದ್ದಿತು.

2018ರಲ್ಲಿ ನಾನು ಮೈಸೂರಿನ ಒಂದು ಕಲಾಶಾಲೆಗೆ ಸೇರಿದೆ. ಅಲ್ಲಿ ಇಲಸ್ಟ್ರೇಷನ್ ಎಂಬ ವಿಭಾಗವಿದೆ. ಬರಹದ ಜೊತೆಯಲ್ಲಿ ನಿಂತು ಬರಹ ಹೇಳದೆ ಬಿಟ್ಟುದನ್ನು ಹೇಳುವ ಚಿತ್ರವೇ ಇಲಸ್ಟ್ರೇಷನ್. ನಿಮ್ಮ ಪಠ್ಯಪುಸ್ತಕದಲ್ಲಿ ಪಾಠದ ಪಕ್ಕಕ್ಕೆ ಇರುವ ಚಿತ್ರಗಳು ಆ ಜಾತಿಯವೇ. ನಾನು ಆರಿಸಿಕೊಂಡದ್ದು ಆ ವಿಭಾಗವನ್ನು. ಮೊದಲ ದಿನ ಗಣಕಯಂತ್ರದ ಕೋಣೆಗೆ ಹೋದಾಗ ನನ್ನ ಎದೆ ಧಸಕ್ಕೆಂದಿತು. ಪರದೆಯ ಮೇಲೆ ಇದ್ದದ್ದು ನಮ್ಮ ಬೀದಿಯ ಫ್ಲೆಕ್ಸ್ ಅಂಗಡಿಯಲ್ಲಿ ನಾನು ಕಂಡಿದ್ದ ಅದೇ ತಂತ್ರಾಂಶ. ಎಡಕ್ಕೆ ಅದೇ ಪುಟ್ಟ ಕುಂಚದ ಗುರುತು, ಅದೇ ಬಣ್ಣದ ಚೌಕಗಳು. ಅಪ್ಪನ ಅನ್ನವನ್ನು ಕಸಿದುಕೊಂಡ ವಿದ್ಯೆಯನ್ನೇ ಅಪ್ಪನ ದುಡ್ಡಿನಿಂದ ಕಲಿಯಲು ನಾನು ಬಂದಿದ್ದೆ. ರಜೆಯಲ್ಲಿ ಊರಿಗೆ ಹೋದಾಗ “ಏನು ಕಲಿಸುತ್ತಾರಮ್ಮ?” ಎಂದು ಕೇಳಿದರೆ “ಬಣ್ಣದ ಕೆಲಸ” ಎನ್ನುತ್ತಿದ್ದೆ. ಸುಳ್ಳಲ್ಲ, ಆದರೆ ನಿಜವೂ ಅಲ್ಲ.

ಗಣಕಯಂತ್ರದ ಕೆಲಸವೊಂದನ್ನೇ ಕಲಿಸಿದರೆಂದು ಭಾವಿಸಬೇಡಿ. ಮೊದಲ ವರ್ಷವೆಲ್ಲ ಪೆನ್ಸಿಲು, ಇದ್ದಿಲು, ಜಲವರ್ಣ. ನಮ್ಮ ಅಧ್ಯಾಪಕರು ಒಂದು ಮಧ್ಯಾಹ್ನ ನಮ್ಮನ್ನು ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಕರೆದೊಯ್ದು, ಹಲ್ದಣಕರ್ ಅವರು ಬರೆದ ದೀಪ ಹಿಡಿದ ಹೆಣ್ಣುಮಗಳ ಚಿತ್ರದ ಮುಂದೆ ನಿಲ್ಲಿಸಿದರು. 1940ರ ದಶಕದ ಚಿತ್ರ ಅದು. ಕಲಾವಿದರ ಮಗಳೇ ಅದಕ್ಕೆ ಮಾದರಿ. ದೀಪದ ಕುಡಿಗೆ ಮರೆಯಾಗಿ ಹಿಡಿದ ಅಂಗೈಯ ಬೆರಳುಗಳು ಬೆಳಕಿನಲ್ಲಿ ಕೆಂಪಗೆ ಹೊಳೆಯುವುದನ್ನು ಕಂಡವರು ಅದು ತೈಲವರ್ಣವೆಂದೇ ತಿಳಿಯುತ್ತಾರೆ. ಅದು ಜಲವರ್ಣ. ಜಲವರ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪೇ. ಬಣ್ಣ ಬಳಿದ ಮೇಲೆ ‘ಇಲ್ಲಿ ಬೆಳಕು ಬೇಕಿತ್ತು’ ಎಂದರೆ ಆ ಬಿಳುಪು ಮರಳಿ ಬರುವುದಿಲ್ಲ. ಅದನ್ನು ಮೊದಲೇ ಬಿಟ್ಟಿರಬೇಕು. ಅಧ್ಯಾಪಕರು ಇಷ್ಟು ಹೇಳಿದಾಗ ನನಗೆ ತಗಡಿನ ಮೇಲೆ ಊರಿದ ನಾಲ್ಕು ಬೆರಳುಗಳ ನೆನಪಾಯಿತು.

2020ರ ಮಾರ್ಚ್ ತಿಂಗಳಿನಲ್ಲಿ ಕೊರೊನಾ ರೋಗದ ಕಾರಣ ದೇಶವೆಲ್ಲ ಮುಚ್ಚಿತು. ನಾನು ಅಕ್ಕನ ಹಳೆಯ ಲ್ಯಾಪ್‌ಟಾಪನ್ನೂ, ಕೈಬರಹದ ಪುಸ್ತಕದಷ್ಟು ಅಗಲದ ಒಂದು ಚಿತ್ರಫಲಕವನ್ನೂ ಹಿಡಿದು ಊರಿಗೆ ಬಂದೆ. ಚಿತ್ರಫಲಕವೆಂದರೆ ಕರಿಯ ಹಲಗೆ. ಅದರ ಮೇಲೆ ಒಂದು ಲೇಖನಿಯಿಂದ ಗೆರೆ ಎಳೆದರೆ ಗೆರೆಯು ಹಲಗೆಯ ಮೇಲೆ ಮೂಡದೆ ಎದುರಿನ ಪರದೆಯ ಮೇಲೆ ಮೂಡುತ್ತದೆ. ಲೇಖನಿಯನ್ನು ಒತ್ತಿದರೆ ಗೆರೆ ದಪ್ಪ, ಸಡಿಲಿಸಿದರೆ ತೆಳು. ಮಂಡಿಯೂ ಮುಚ್ಚಿದ್ದರಿಂದ ಅಪ್ಪ ಮನೆಯಲ್ಲಿಯೇ ಇದ್ದರು. ಎರಡೇ ಕೋಣೆಗಳ ಮನೆ. ಮುಚ್ಚಿಡುವುದೆಲ್ಲಿ? ಮೂರನೆಯ ದಿನ ಅಪ್ಪ ನನ್ನ ಬೆನ್ನ ಹಿಂದೆ ಬಂದು ನಿಂತದ್ದು ತಿಳಿಯಿತು. ಬಹಳ ಹೊತ್ತು ನೋಡಿ “ಬಣ್ಣದ ವಾಸನೆಯೇ ಇಲ್ಲವಲ್ಲ” ಎಂದು ಹೇಳಿ ಹೊರಗೆ ಹೋದರು.

ಶಾಲೆಯಿಂದ ಬಂದ ಮನೆಗೆಲಸ ಹೀಗಿದ್ದಿತು: ನಿಮ್ಮ ಊರಿನ ಬೀದಿಯೊಂದನ್ನು ಕುರಿತು ಚಿಕ್ಕ ಚಿಕ್ಕ ಬರಹಗಳನ್ನು ಬರೆದು, ಅವುಗಳಿಗೆ ಎಂಟು ಚಿತ್ರಗಳನ್ನು ಮಿಶ್ರಮಾಧ್ಯಮದಲ್ಲಿ ರಚಿಸಿರಿ. ಒಂದೇ ಬಗೆಯ ಬಣ್ಣಕ್ಕೆ ಅಂಟಿಕೊಳ್ಳದೆ ಕಾಗದ, ಬಟ್ಟೆ, ಮಸಿ, ಛಾಯಾಚಿತ್ರ, ಗಣಕಯಂತ್ರದ ಗೆರೆ ಇವುಗಳಲ್ಲಿ ಬೇಕಾದುದನ್ನು ಕೂಡಿಸಿ ಮಾಡುವ ಚಿತ್ರ ಮಿಶ್ರಮಾಧ್ಯಮದ್ದು. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆಯ ಚಿತ್ರ ಅಚ್ಚಾಗಿದ್ದ ಮೇಣದ ಬಟ್ಟೆಯೊಂದನ್ನು ತನ್ನ ಚಿತ್ರದ ಮೇಲೆ ಅಂಟಿಸಿ, ಚೌಕಟ್ಟಿಗೆ ಬದಲಾಗಿ ಸುತ್ತಲೂ ಹಗ್ಗ ಕಟ್ಟಿಬಿಟ್ಟ. ಅಂದಿನಿಂದ ಕಲಾವಿದರಿಗೆ ಮನೆಯ ಮೂಲೆಯಲ್ಲಿ ಬಿದ್ದದ್ದೆಲ್ಲ ಬಣ್ಣವಾಗಿದೆ. ನನಗಂತೂ ಬೇರೆ ದಾರಿಯೇ ಇರಲಿಲ್ಲ. ಬಣ್ಣದ ಅಂಗಡಿಗಳು ಮುಚ್ಚಿದ್ದವು. ಕಾಫಿಯ ಡಿಕಾಕ್ಷನ್ನಿನಿಂದ ಕಾಗದಕ್ಕೆ ಹಳೆಯ ಗೋಡೆಯ ಬಣ್ಣ ಬಂದಿತು. ದೀಪದ ಮಸಿಗೆ ಗೋಂದು ಬೆರೆಸಿದರೆ ಕಪ್ಪು. ಅರಿಶಿನ ಹಳದಿಯಾಯಿತು, ಅದಕ್ಕೆ ಸುಣ್ಣ ಸೇರಿಸಿದಾಗ ಓಕುಳಿಯ ಕೆಂಪು. ಮಂಡಿಯ ಹರಿದ ಗೋಣಿಚೀಲ, ತೆಂಗಿನ ನಾರು, ಹಳೆಯ ಕ್ಯಾಲೆಂಡರಿನ ಹಾಳೆಗಳು ಇವನ್ನೆಲ್ಲ ಕತ್ತರಿಸಿ ಅಂಟಿಸಿದೆ. ಅರಿಶಿನದ ಚಿತ್ರವನ್ನು ಕಿಟಕಿಯ ಬಳಿ ಇಟ್ಟಿದ್ದೆ. ಹದಿನೈದು ದಿನಗಳಲ್ಲಿ ಬಿಸಿಲಿಗೆ ಅದರ ಹಳದಿಯೆಲ್ಲ ಹಾರಿಹೋಯಿತು. ಅಂದಿನಿಂದ ಪ್ರತಿಯೊಂದನ್ನೂ ಮಾಡಿದ ದಿನವೇ ಛಾಯಾಚಿತ್ರ ತೆಗೆದು ಗಣಕಯಂತ್ರಕ್ಕೆ ಸೇರಿಸುವ ಅಭ್ಯಾಸವಾಯಿತು.

ಹೀಗೆ ಸೇರಿಸಿದ ತುಣುಕುಗಳನ್ನು ಪರದೆಯ ಮೇಲೆ ಒಂದರ ಮೇಲೊಂದು ಪದರಗಳಾಗಿ ಇಡಬಹುದು. ಗಾಜಿನ ಹಾಳೆಗಳ ಮೇಲೆ ಬೇರೆ ಬೇರೆಯಾಗಿ ಚಿತ್ರ ಬರೆದು ಒಟ್ಟಿಗೆ ಪೇರಿಸಿದಂತೆ ಎಂದುಕೊಳ್ಳಿ. ಕೆಳಗೆ ಕಾಫಿಯ ಗೋಡೆ, ಅದರ ಮೇಲೆ ಗೋಣಿ, ಅದರ ಮೇಲೆ ಮನುಷ್ಯರ ಗೆರೆಗಳು. ಯಾವ ಪದರವನ್ನು ಬೇಕಾದರೂ ಸರಿಸಬಹುದು, ತೆಳುವಾಗಿಸಬಹುದು, ಕ್ಷಣ ಹೊತ್ತು ಮರೆಮಾಡಬಹುದು. ಕೊಬ್ಬರಿ ಮಂಡಿ, ಕ್ಷೌರದಂಗಡಿ, ಹಿಟ್ಟಿನ ಗಿರಣಿ ಎಂದು ಮೊದಲ ಮೂರು ಚಿತ್ರಗಳನ್ನು ಬಹು ಬೇಗ ಮುಗಿಸಿದೆ. ಅಂಗಡಿಗಳಿಗೆ ಬೋರ್ಡು ಬೇಡವೇ? ತಂತ್ರಾಂಶದಲ್ಲಿಯೇ ಅಕ್ಷರಗಳನ್ನು ಬೆರಳಚ್ಚಿಸಿದೆ. ‘ಕೊಬ್ಬರಿ’ ಎಂಬುದು ‘ಕೊಬ್‌ಬರಿ’ ಎಂದು ಮೂಡಿತು. ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದಿತು. ಬೀದಿಯ ಫ್ಲೆಕ್ಸುಗಳಲ್ಲಿ ಇಂತಹ ಮುರಿದ ಅಕ್ಷರಗಳನ್ನು ನೀವೂ ಕಂಡಿರಬಹುದು. ಭಾರತೀಯ ಲಿಪಿಗಳಿಗೆಂದು ಬೇರೆಯೇ ಒಂದು ವ್ಯವಸ್ಥೆಯನ್ನು ಆರಿಸಿದರೆ ಅದು ಸರಿಹೋಗುತ್ತದೆ ಎಂದು ಹುಡುಕಿ ತಿಳಿದುಕೊಳ್ಳುವುದಕ್ಕೆ ಒಂದು ಇಡೀ ದಿನ ಹಿಡಿಯಿತು. ಸರಿಪಡಿಸಿ ಅಧ್ಯಾಪಕರಿಗೆ ಕಳಿಸಿದೆ. ಚಿತ್ರಗಳನ್ನು ಅವರು ಮೆಚ್ಚಿದರು; ಆದರೆ ಬೋರ್ಡುಗಳ ಸುತ್ತ ಕೆಂಪು ಗೆರೆ ಎಳೆದು ಒಂದೇ ಪ್ರಶ್ನೆ ಕೇಳಿದ್ದರು: “ಇದು ಯಾರ ಅಕ್ಷರ?”

ಉತ್ತರ ನನಗೆ ಗೊತ್ತಿದ್ದಿತು. ಯಾರದೂ ಅಲ್ಲ. ಮೂರು ಅಂಗಡಿಗಳಲ್ಲಿಯೂ ಅದೇ ಅಕಾರ, ಅದೇ ರಕಾರ. ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ.

ಓಡಾಟಕ್ಕೆ ಅನುಮತಿ ದೊರೆತ ಮೇಲೆ ಅಪ್ಪ ಬರೆದ ಬೋರ್ಡುಗಳನ್ನು ಹುಡುಕಿಕೊಂಡು ಊರೆಲ್ಲ ಅಲೆದೆ. ಹೆಚ್ಚಿನವನ್ನು ಗುಜರಿಗೆ ಹಾಕಿದ್ದರು. ಒಂದು ಮಂಡಿಯ ಹಿತ್ತಿಲಲ್ಲಿ ಒಂದು ಬೋರ್ಡು ಕೋಳಿಗೂಡಿನ ಮಾಡಾಗಿ ಮಲಗಿದ್ದಿತು. ಇನ್ನೊಂದು ಫ್ಲೆಕ್ಸಿನ ಹಿಂದೆಯೇ ಇದ್ದಿತು. ಅದರ ಚೌಕಟ್ಟಿಗೇ ಹೊಸ ಹಾಳೆಯನ್ನು ಬಿಗಿದಿದ್ದರು. ಛಾಯಾಚಿತ್ರ ತೆಗೆಯಹೋದರೆ ಎನಾಮೆಲ್ ಬಿಸಿಲಿಗೆ ಹೊಳೆದು ಅಕ್ಷರವೇ ಕಾಣದು. ಆಗ ನೆನಪಾದದ್ದು ಚಿಕ್ಕಂದಿನಲ್ಲಿ ನಾವೆಲ್ಲ ಆಡಿದ ಆಟ: ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜುವುದು. ತೆಳ್ಳನೆಯ ಕಾಗದವನ್ನು ಬೋರ್ಡಿನ ಮೇಲೆ ಹಾಸಿ, ಇದ್ದಿಲಿನಿಂದ ಮೆಲ್ಲನೆ ಉಜ್ಜಿದೆ. ಬಣ್ಣದ ಅಂಚುಗಳು, ತುಕ್ಕಿನ ಹಕ್ಕಳೆಗಳು, ಮೊಳೆಯ ತಲೆಗಳು ಒಂದೊಂದಾಗಿ ಕತ್ತಲಿನಿಂದ ಎದ್ದು ಬಂದವು. ಕೊನೆಗೆ ‘ಶ್ರೀ’ ಎಂಬ ಅಕ್ಷರ ಬಂದಿತು. 1925ರಲ್ಲಿ ಮ್ಯಾಕ್ಸ್ ಅರ್ನ್ಸ್ಟ್ ಎಂಬ ಕಲಾವಿದ ಮರದ ನೆಲಹಲಗೆಗಳ ಮೇಲೆ ಕಾಗದವಿಟ್ಟು ಹೀಗೆ ಉಜ್ಜಿ ಚಿತ್ರಗಳನ್ನು ಮಾಡಿದನೆಂದು ಅಧ್ಯಾಪಕರು ಆಮೇಲೆ ತಿಳಿಸಿದರು. ನನಗಾದರೋ ಶಾಸನದ ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಮಸಿ ಸವರಿ ಪಡಿಯಚ್ಚು ತೆಗೆಯುವವರ ನೆನಪಾಗಿದ್ದಿತು. ಹದಿನಾಲ್ಕು ವರ್ಷಗಳ ಹಿಂದಿನ ಬೋರ್ಡು ನನ್ನ ಪಾಲಿಗೆ ಶಾಸನವೇ ಆಗಿದ್ದಿತು.

ಉಜ್ಜಿ ತಂದ ಕಾಗದಗಳನ್ನು ಮನೆಯ ನಡುವೆ ಹರಡಿದೆ. ಅಪ್ಪ ಬಂದು ನೋಡಿದರು. ಒಂದೊಂದನ್ನೂ ಯಾವ ವರ್ಷ ಬರೆದದ್ದು, ಯಾರು ದುಡ್ಡು ಕೊಟ್ಟರು, ಯಾರು ಕೊಡಲಿಲ್ಲ ಎಂದು ಹೇಳಿದರು. ಆದರೆ ಅಕ್ಷರಗಳು ಪೂರ್ತಿಯಾಗಿರಲಿಲ್ಲ, ಚಿತ್ರಕ್ಕೆ ಸಾಲುತ್ತಿರಲಿಲ್ಲ. “ಒಂದಷ್ಟು ಬರೆದುಕೊಡಪ್ಪ” ಎಂದೆ. “ಕೈ ಬಿಟ್ಟು ಎಷ್ಟು ಕಾಲವಾಯಿತು! ಕುಂಚವೆಲ್ಲ ಮರದ ಚಕ್ಕೆಯಾಗಿರುತ್ತದೆ” ಎಂದು ಎದ್ದುಹೋದರು. ಅಟ್ಟದ ಮೇಲಿನ ಟ್ರಂಕಿನಿಂದ ತಗಡಿನ ಪೆಟ್ಟಿಗೆಯನ್ನು ನಾನೇ ಇಳಿಸಿದೆ. ಅಳಿಲಿನ ಕೂದಲಿನ ಕುಂಚಗಳು ಸಾಲಾಗಿ ಮಲಗಿದ್ದವು. ಬೆರಳಿನಿಂದ ಮುಟ್ಟಿದೆ, ಎಲ್ಲವೂ ಮೆತ್ತಗಿದ್ದವು. ಕೂದಲಿಗೆ ಕೊಬ್ಬರಿ ಎಣ್ಣೆ ಸವರಿದ್ದಿತು, ಹಳೆಯ ಎಣ್ಣೆಯಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖ ನೋಡಿದೆ. ಅಮ್ಮ ಏನೂ ಹೇಳದೆ ಒಳಕ್ಕೆ ಹೋದರು.

ಆ ರಾತ್ರಿ ನಾನು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ನಾನು ಕಲಿಯುತ್ತಿರುವ ಯಂತ್ರವಿದ್ಯೆ ಫ್ಲೆಕ್ಸ್ ಅಂಗಡಿಯದೇ ಎಂದೂ, ಹೇಳಲು ಎರಡು ವರ್ಷ ಹೆದರಿದ್ದೆನೆಂದೂ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತಮ್ಮ. ಆ ಹುಡುಗನ ಪರದೆಯಲ್ಲಿಯೂ ಎಡಗಡೆ ಇದೇ ಪುಟ್ಟ ಕುಂಚ ಇತ್ತು” ಎಂದರು. ನನಗೆ ಆಶ್ಚರ್ಯವಾಯಿತು. “ನೀವು ಯಾವಾಗ ನೋಡಿದಿರಿ?” “ಕೆಲಸ ಕೇಳುವುದಕ್ಕೆ ಹೋಗಿದ್ದೆ. ಬೋರ್ಡು ನಿಂತ ಮೇಲೆ. ಕಂಪ್ಯೂಟರ್ ಬರುತ್ತದೆಯೇ ಎಂದು ಕೇಳಿದರು. ಕಲಿಸಿದರೆ ಕಲಿಯುತ್ತೇನೆ ಎಂದೆ. ಹುಡುಗರು ಬೇಕು ಎಂದರು.” ಇಷ್ಟು ಹೇಳಿ ಅವರು ನೀರು ಕುಡಿಯಲು ಎದ್ದರು. ನಾನು ಶಾಲೆಯಿಂದ ಬಂದು ಆ ಯಂತ್ರದ ಬಣ್ಣದ ಮಳೆಯನ್ನು ವರ್ಣಿಸುತ್ತಿದ್ದ ದಿನಗಳೂ ಅವೇ. ಅವುಗಳಲ್ಲಿ ಯಾವ ದಿನ ಅಪ್ಪ ಆ ಅಂಗಡಿಯಿಂದ ಹಿಂದಿರುಗಿ ಬಂದಿದ್ದರೋ, ಕೇಳುವ ಧೈರ್ಯ ನನಗಾಗಲಿಲ್ಲ.

ಮಾರನೆಯ ಬೆಳಿಗ್ಗೆ ಅವರೇ ಕುಂಚಗಳ ಎಣ್ಣೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ದಪ್ಪ ಕಾಗದದ ಮುಂದೆ ಕುಳಿತರು. ನಾಲ್ಕು ಬೆರಳು ಅಳೆದರು. ಮೊದಲು ‘ಶ್ರೀ’. ಶ್ರೀ ಬರೆಯಲು ಬಂದವನಿಗೆ ಉಳಿದದ್ದೆಲ್ಲ ಬರುತ್ತದೆ ಎಂಬುದು ಅವರ ಗುರುಗಳ ಮಾತಂತೆ. ಮೊದಲ ಮೂರು ಶ್ರೀಗಳು ಅವರಿಗೆ ಹಿಡಿಸಲಿಲ್ಲ. ನಾಲ್ಕನೆಯದನ್ನು ನೋಡಿ “ಹೂಂ” ಎಂದರು. ಒಂದು ವಾರದಲ್ಲಿ ಎಂಟು ಅಂಗಡಿಗಳ ಹೆಸರೂ ಸಿದ್ಧವಾದವು. ಅವನ್ನು ಒಬ್ಬ ಪರಿಚಿತರ ಸ್ಕ್ಯಾನರಿನಲ್ಲಿ ಅಂಗುಲಕ್ಕೆ 600 ಚುಕ್ಕೆಗಳಂತೆ ಇಳಿಸಿಕೊಂಡೆ. ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗ, ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದ ಆ ಅಕ್ಷರಗಳನ್ನು ಮೊದಲ ಬಾರಿಗೆ ಕಂಡಂತಾಯಿತು. ಕುಂಚ ಎಲ್ಲಿ ಇಳಿಯಿತು, ಎಲ್ಲಿ ತಿರುಗುವಾಗ ಒಂದು ಕೂದಲು ಹೊರಚಾಚಿತು, ಎಲ್ಲಿ ಮಸಿ ಬರಿದಾಗುವ ಮುನ್ನ ಕೈ ಅವಸರಪಟ್ಟಿತು ಎಂಬುದೆಲ್ಲ ಅಲ್ಲಿ ಇದ್ದಿತು. ಒಂದನ್ನೂ ತಿದ್ದಲಿಲ್ಲ.

ಒಂದು ಸಂಜೆ ಅಪ್ಪ ಚಿತ್ರಫಲಕದ ಲೇಖನಿಯನ್ನು ತಾವೇ ಕೈಗೆತ್ತಿಕೊಂಡರು. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇಟ್ಟು ಬರೆಯುವುದು ಹೊಸಬರಿಗೆ ಬಹಳ ಕಷ್ಟ. ಅವರ ಕಕಾರ ಮಲಗಿಕೊಂಡಿತು. ನಾನು ಒಂದು ಗುಂಡಿ ಒತ್ತಿ ಅದನ್ನು ಇಲ್ಲವಾಗಿಸಿದೆ. “ಅಳಿಸಿದ್ದು ಎಲ್ಲಿಗೆ ಹೋಯಿತು?” ಎಂದರು. “ಎಲ್ಲಿಗೂ ಇಲ್ಲ, ಬರೆಯುವುದಕ್ಕೆ ಮೊದಲಿನ ಸ್ಥಿತಿಗೆ ಹೋಯಿತು” ಎಂದೆ. ತಗಡಿನ ಮೇಲೆ ತಪ್ಪಿದರೆ ಟರ್ಪೆಂಟೈನ್ ಬಟ್ಟೆಯಿಂದ ಒರೆಸಬೇಕು. ಎಷ್ಟು ಒರೆಸಿದರೂ ಕೆಳಗಿನ ಬಣ್ಣಕ್ಕೆ ಮಾಸಲು ಹತ್ತಿಕೊಳ್ಳುತ್ತದೆ. “ತಪ್ಪುವ ಹೆದರಿಕೆಯೇ ಇಲ್ಲದಿದ್ದರೆ ಕೈ ನಿಲ್ಲುವುದು ಹೇಗೆ?” ಎಂದು ಅವರು ಗಂಭೀರವಾಗಿ ಕೇಳಿದರು. ಹಾಗೆ ಕೇಳಿದವರೇ ಮುಂದಿನ ಅರ್ಧ ಗಂಟೆಯಲ್ಲಿ ಆ ಗುಂಡಿಯನ್ನು ಇಪ್ಪತ್ತು ಬಾರಿಯಾದರೂ ಒತ್ತಿರಬೇಕು!

ಬಣ್ಣದ ವಿಷಯದಲ್ಲಿಯೂ ನಮಗೆ ವಾದವಾಯಿತು. ಪರದೆಯು ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳನ್ನು ಒಂದೊಂದಕ್ಕೆ 256 ಮೆಟ್ಟಿಲುಗಳಂತೆ ಬೆರೆಸುತ್ತದೆ. ಒಟ್ಟು 1,67,77,216 ಬಣ್ಣಗಳಾಗುತ್ತವೆ. ನಾನು ಇದನ್ನು ಹೆಮ್ಮೆಯಿಂದ ಹೇಳಿದಾಗ ಅಪ್ಪ, “ನನ್ನ ಹತ್ತಿರ ಆರು ಡಬ್ಬಿ ಇದ್ದವು. ಒಂದು ದಿನವೂ ಸಾಲದೆ ಬರಲಿಲ್ಲ” ಎಂದರು. ಅಚ್ಚಿನ ಯಂತ್ರವಾದರೋ ಬೆಳಕನ್ನು ಬಲ್ಲದ್ದಲ್ಲ, ಮಸಿಯನ್ನು ಬಲ್ಲದ್ದು. ಪರದೆಯ ಮೇಲೆ ಗಿಳಿಯಂತೆ ಹೊಳೆಯುತ್ತಿದ್ದ ತೆಂಗಿನ ಗರಿಯ ಹಸಿರು ಕಾಗದಕ್ಕೆ ಬಂದಾಗ ಬಾಡಿದ ಸೊಪ್ಪಿನಂತಾಗಿದ್ದಿತು. “ಬಣ್ಣವನ್ನು ಒಣಗಿದ ಮೇಲೆ ನೋಡಬೇಕು” ಎಂದು ಅಪ್ಪ ತಮ್ಮ ಕಸುಬಿನ ಮಾತು ಹೇಳಿದರು. ಅಲ್ಲಿಂದ ಮುಂದೆ ಪ್ರತಿಯೊಂದು ಚಿತ್ರದ ಸಣ್ಣ ಅಚ್ಚನ್ನು ಮೊದಲು ತೆಗೆಸಿ, ಅದಕ್ಕೆ ತಕ್ಕಂತೆ ಪರದೆಯ ಬಣ್ಣವನ್ನು ತಗ್ಗಿಸುತ್ತಿದ್ದೆ. ಕೊನೆಗೆ ಎಂಟು ಚಿತ್ರಗಳಲ್ಲಿ ನಾನು ಬಳಸಿದ್ದು ಏಳು ಬಣ್ಣಗಳನ್ನು. ಅಪ್ಪನಿಗಿಂತ ಒಂದು ಹೆಚ್ಚು.

2022ರಲ್ಲಿ, ಕೊನೆಯ ವರ್ಷದ ಪ್ರದರ್ಶನಕ್ಕೆ ಹತ್ತು ದಿನ ಉಳಿದಿದ್ದಾಗ, ಮುಗಿದ ಚಿತ್ರಗಳನ್ನು ಅಪ್ಪನಿಗೆ ತೋರಿಸಿದೆ. ಏಳು ಚಿತ್ರಗಳನ್ನು ನೋಡಿ ತಲೆದೂಗಿದರು. ಎಂಟನೆಯದು ಅವರು ಕೆಲಸ ಮಾಡುವ ಮಂಡಿಯದೇ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಗೋಣಿಚೀಲಗಳ ರಾಶಿ, ಮೇಲೆ ಬೋರ್ಡು, ಕೆಳಗೆ ಚೀಲದ ಮೇಲೆ ಅಂಕೆ ಬರೆಯುತ್ತ ಬಾಗಿದ ಒಬ್ಬ ಮನುಷ್ಯ. ಅಪ್ಪ ಅದನ್ನು ಬಹಳ ಹೊತ್ತು ನೋಡಿ, “ಇದರಲ್ಲಿ ಬೆಳಿಗ್ಗೆಯೂ ಇದೆ, ಸಂಜೆಯೂ ಇದೆಯಲ್ಲಮ್ಮ” ಎಂದರು. ನನಗೆ ಅರ್ಥವಾಗಲಿಲ್ಲ. ಅವರು ಬೆರಳಿಟ್ಟು ತೋರಿಸಿದರು. ಬೋರ್ಡಿನ ಅಕ್ಷರಗಳಿಗೆ ಅವರು ಕೊಟ್ಟಿದ್ದ ನೆರಳು ಬಲಕ್ಕೆ ಬಿದ್ದಿದ್ದಿತು. ಗೋಣಿಯ ಎಳೆಗಳ ನೆರಳು ಎಡಕ್ಕೆ. ಉಳಿದ ತುಣುಕುಗಳನ್ನೆಲ್ಲ ಜಗಲಿಯ ಬೆಳಗಿನ ಬಿಸಿಲಿನಲ್ಲಿ ಛಾಯಾಚಿತ್ರ ತೆಗೆದಿದ್ದ ನಾನು ಆ ಗೋಣಿಯನ್ನು ಮಾತ್ರ ಸಂಜೆ ತೆಗೆದಿದ್ದೆ. ಅಧ್ಯಾಪಕರು ನೋಡಿದ್ದರು, ಗೆಳತಿಯರು ನೋಡಿದ್ದರು, ನಾನಂತೂ ನೂರು ಸಲ ನೋಡಿದ್ದೆ. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸುಲಭವೆಂದು ಗೋಣಿಯ ಪದರವನ್ನು ಎಡಬಲ ಮಾಡಿ ತಿರುಗಿಸಿದೆ. ನೆರಳೇನೋ ಸರಿಹೋಯಿತು, ಆದರೆ ಚೀಲದ ಮೇಲಿದ್ದ ಅಪ್ಪನ ಅಂಕೆಗಳು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾದವು. ಬೇರೆ ಗೋಣಿ ತಂದು, ಅದರ ಮೇಲೆ ಅಪ್ಪನಿಂದ ಮತ್ತೆ ಅಂಕೆ ಬರೆಸಿ, ಬೆಳಗಿನ ಏಳು ಗಂಟೆಗೆ ಜಗಲಿಯಲ್ಲಿ ಹರಡಿ ಛಾಯಾಚಿತ್ರ ತೆಗೆದು, ಮೊದಲಿನಿಂದ ಪದರಗಳನ್ನು ಜೋಡಿಸಿದೆ. ಆರು ದಿನ ಹಿಡಿಯಿತು.

ಪ್ರದರ್ಶನದ ದಿನ ಅಪ್ಪ ಬೆಳಗಿನ ರೈಲಿಗೆ ಹೊರಟು ಬಂದರು. ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟಿದ್ದರು. ನಾನು ಒಳಗೆ ನನ್ನ ಚಿತ್ರಗಳ ಪಕ್ಕದಲ್ಲಿ ನಿಂತು ಕಾದೆ. ಅರ್ಧ ಗಂಟೆಯಾದರೂ ಅವರು ಬರಲಿಲ್ಲ. ಹೊರಗೆ ಹೋಗಿ ನೋಡಿದರೆ ಹೆಬ್ಬಾಗಿಲಿನ ಮುಂದೆ ಕೈಕಟ್ಟಿಕೊಂಡು ಮೇಲೆ ನೋಡುತ್ತ ನಿಂತಿದ್ದಾರೆ. ಅಲ್ಲಿ ಒಂದು ದೊಡ್ಡ ಫ್ಲೆಕ್ಸು: ‘ವಾರ್ಷಿಕ ಚಿತ್‌ರಕಲಾ ಪ್ರದರ್ಶನ’. ಚಿತ್ರದ ಒತ್ತು ಪಕ್ಕಕ್ಕೆ ಜಾರಿ ಕುಳಿತಿದ್ದಿತು. ಒಂದು ವಾರದಿಂದ ನಾವೆಲ್ಲ ಅದರ ಕೆಳಗೆ ಓಡಾಡಿದ್ದೆವು. “ಸ್ವಲ್ಪ ಬಣ್ಣ ಸಿಗುತ್ತದೆಯೇ?” ಎಂದು ಅಪ್ಪ ಕೇಳಿದರು. ನಾನು ಒಳಗಿನಿಂದ ಬಿಳಿಯ ಮತ್ತು ಕೆಂಪು ಅಕ್ರಿಲಿಕ್ ಬಣ್ಣವನ್ನೂ ಒಂದು ಚಪ್ಪಟೆ ಕುಂಚವನ್ನೂ ತಂದೆ. ಕಾವಲುಗಾರರು ತಮ್ಮ ಕುರ್ಚಿಯನ್ನು ಕೊಟ್ಟರು. ಅಪ್ಪ ಚಪ್ಪಲಿ ಕಳಚಿ ಕುರ್ಚಿಯ ಮೇಲೆ ಹತ್ತಿ, ಅಕ್ಷರದ ಕೆಳಗೆ ಬೆರಳುಗಳನ್ನು ಇಟ್ಟು ಅಳೆದರು. ದಿನಾಂಕದ ಸಾಲು ತೀರ ಹತ್ತಿರದಲ್ಲಿದ್ದಿತು. ಎರಡು ಬೆರಳು ಮಾತ್ರ ಹಿಡಿಸಿದವು. “ಜಾಗ ಬಿಟ್ಟಿಲ್ಲ” ಎಂದು ಗೊಣಗಿದರು. ಬಳಿಕ ಆ ಇಡೀ ಪದವನ್ನು ಬಿಳಿಯ ಬಣ್ಣದಿಂದ ಮುಚ್ಚಿ, ಕೆಳಗಿಳಿದು ಕೈ ಒರೆಸಿಕೊಂಡು, ಅದು ಒಣಗುವವರೆಗೆ ನನ್ನ ಚಿತ್ರಗಳನ್ನು ನೋಡೋಣವೆಂದು ಒಳಗೆ ಬಂದರು.